ಅಂಕಪಟ್ಟಿ ಬದಿಗಿಟ್ಟು ಅಭ್ಯರ್ಥಿಯನ್ನು ಅಳೆಯುವ ಬಗೆ

ಎಂಜಿನಿಯರಿಂಗ್‌ಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ರ‍್ಯಾಂಕ್ ಕಟ್ಟುವಾಗ ಪಿಯು ಅಂಕಕ್ಕೆ ಅರ್ಧ ಪಾಲು, ಸಿಇಟಿಗೆ ಅರ್ಧ. ವಿನ್ಯಾಸದ ಪದವಿಗೆ ಇಷ್ಟು ಸಾಲದು. ಫ್ಯಾಷನ್ ತಂತ್ರಜ್ಞಾನ ಕಲಿಸುವ ರಾಷ್ಟ್ರೀಯ ಸಂಸ್ಥೆ ನಿಫ್ಟ್‌ನವರು ಸಾಮಗ್ರಿ ಕೊಟ್ಟು ಮಾದರಿ ಮಾಡಿಸುವ ಸಿಚುಯೇಶನ್ ಟೆಸ್ಟ್ ಇಟ್ಟಿರುವುದೂ ಅದಕ್ಕೇ. ಬೆಂಗಳೂರಿನ ನಮ್ಮ ವಿನ್ಯಾಸ ಕಾಲೇಜಿನ ಪ್ರವೇಶಕ್ಕೆ ನಾವು ಮುಖ್ಯವಾಗಿ ಹುಡುಕುವುದು ಒಂದೇ: ಮಾಡಿದ್ದನ್ನು ಬಿಚ್ಚಿ ಮತ್ತೆ ಕಟ್ಟುವ ಗುಣ.

ಮೊದಲು ಕೈಕೆಲಸ, 45 ನಿಮಿಷ. ಎ4 ಅಳತೆಯ ಎರಡು ರಟ್ಟು, ಒಂದು ಮೀಟರ್ ನೂಲು, ಆರು ಐಸ್‌ಕ್ರೀಮ್ ಕಡ್ಡಿ, ಕತ್ತರಿ, ಸ್ಕೇಲು. ಅಂಟು ಕೊಡುವುದಿಲ್ಲ, ಕೊಟ್ಟರೆ ಜೋಡಣೆಯ ಬಗ್ಗೆ ಯೋಚಿಸದೆ ಮೆತ್ತಿಬಿಡುತ್ತಾರೆ. ಬಿಎಂಟಿಸಿ ಬಸ್ಸಲ್ಲಿ ನಿಂತು ಹೋಗುವ ಅಜ್ಜಿಯ ಸೊಪ್ಪಿನ ಕಟ್ಟು ನಜ್ಜುಗುಜ್ಜಾಗಬಾರದು, ಇಂಥದ್ದೊಂದು ಪ್ರಶ್ನೆ. 25ನೇ ನಿಮಿಷಕ್ಕೆ ಹೊಸ ಷರತ್ತು ಹಾಕುತ್ತೇವೆ: ಅಜ್ಜಿಯ ಒಂದು ಕೈ ಕಂಬಿ ಹಿಡಿದಿದೆ. ಅಸಲಿ ಪರೀಕ್ಷೆ ಶುರುವಾಗುವುದು ಇಲ್ಲಿಂದ. ಹಳೆಯದಕ್ಕೇ ನೂಲು ಸುತ್ತಿದರೆ 1, ಒಂದು ಭಾಗ ಬಿಚ್ಚಿ ತಿದ್ದಿದರೆ 3, ಯೋಚನೆಯನ್ನೇ ಬದಲಿಸಿ ಹೊಸದಾಗಿ ಕಟ್ಟಿದರೆ 5. ಪೂರ್ತಿಯಾಗದಿದ್ದರೂ 5 ಸಿಗಬಹುದು. ಕತ್ತರಿಸಿ ಬಿಟ್ಟ ಚೂರುಗಳನ್ನು ಬಿಸಾಡದೆ ಕವರಿಗೆ ಹಾಕಿ, ನಂಬರ್ ಬರೆದು ಇಟ್ಟುಕೊಳ್ಳುತ್ತೇವೆ. ಮಾದರಿ ಮುಚ್ಚಿಡುವುದನ್ನು ಚೂರು ಹೇಳುತ್ತದೆ.

ಪೋರ್ಟ್‌ಫೋಲಿಯೊ, ಅಂದರೆ ಅಭ್ಯರ್ಥಿ ತಾನು ಮಾಡಿದ ಕೆಲಸಗಳನ್ನು ಜೋಡಿಸಿ ತರುವ ಕಡತ, ನೋಡಲು ಹೆಚ್ಚು ಹೊತ್ತು ಬೇಡ. ಕೋಚಿಂಗ್ ಸೆಂಟರಿನ ಕೈ ಎರಡನೇ ಪುಟದಲ್ಲೇ ಸಿಕ್ಕಿಬೀಳುತ್ತದೆ: ಅದೇ ಬಾಟಲಿ, ಅದೇ ಮಡಿಕೆ ಬಟ್ಟೆ, ಅದೇ ನೆರಳು. ಕೋಚಿಂಗ್‌ಗೆ ಹೋಗಿದ್ದು ತಪ್ಪಲ್ಲ, ಅಂಕ ಕಳೆಯುವುದಿಲ್ಲ. ಅತ್ಯಂತ ಒರಟಾದ ಪುಟ ತೆಗೆದು, "ಇದನ್ಯಾಕಪ್ಪ ಅರ್ಧಕ್ಕೇ ಬಿಟ್ಟೆ?" ಅಂತ ಕೇಳಿದರೆ ಸಾಕು.

ಆಸಕ್ತಿ ತಿಳಿಯಲು "ಹವ್ಯಾಸ ಏನು?" ಎಂದು ಕೇಳುವಷ್ಟು ದಂಡದ ಪ್ರಶ್ನೆ ಇನ್ನೊಂದಿಲ್ಲ. ನಾವು ಕೇಳುವುದು ಇವು: ಯಾರೂ ಹೇಳದೆ ನೀನಾಗಿ ಕೈಹಾಕಿದ್ದು ಯಾವುದು? ಎಲ್ಲಿ ಕೆಟ್ಟಿತು? ಯಾರನ್ನು ಕೇಳಿದೆ? ಆಮೇಲೆ ಏನು ಬದಲಾಯಿಸಿದೆ? ಬಾಯಿಪಾಠ ಮಾಡಿದವರ ಮಾತು ಮೂರನೆಯ ಪ್ರಶ್ನೆಗೆ ತೆಳುವಾಗುತ್ತದೆ. ನಿಜವಾಗಿ ಹಳೆ ರೇಡಿಯೊ ಬಿಚ್ಚಿದವರು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವೋಲ್ಟೇಜ್ ನೋಡದೆ ಕೆಪಾಸಿಟರ್ ತಂದು ಸುಟ್ಟದ್ದನ್ನೂ ಹೇಳುತ್ತಾರೆ.

ಎಡವಟ್ಟು ಹೆಚ್ಚಾಗುವುದು ನಮ್ಮ ಕಡೆಯಿಂದ. ಸರಾಗ ಇಂಗ್ಲಿಷ್ ಕೇಳಿದ ಕೂಡಲೇ ಜಾಣ ಎನ್ನಿಸಿಬಿಡುತ್ತದೆ. "ಕನ್ನಡದಲ್ಲಿ ಮಾತಾಡ್ತೀಯಾ?" ಎಂದು ಕೇಳಿದರೆ ಹುಡುಗರು ಸಂಕೋಚಪಟ್ಟು ಬೇಡ ಅಂತಾರೆ, ಹಾಗಾಗಿ ಸಮಿತಿಯವರೇ ಕನ್ನಡದಲ್ಲಿ ಮಾತು ತೆಗೆಯಬೇಕು. ಇನ್ನೊಂದು, ಹಿರಿಯರ ಮಾತಿಗೆ ಉಳಿದವರು ತಲೆಯಾಡಿಸುವುದು. ಅದಕ್ಕೇ ಸಮಿತಿಯ ಮೂವರೂ ಮಾತಿಗೆ ಮೊದಲು ಅಂಕ ಬರೆದು ಹಾಳೆ ಮಗುಚಿಡುತ್ತಾರೆ, ಹಿರಿಯರು ಕೊನೆಗೆ ಬಾಯಿಬಿಡುತ್ತಾರೆ. ಎರಡು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸರಾಸರಿ ತೆಗೆಯುವಂತಿಲ್ಲ. ಯಾವ ಪುಟ, ಯಾವ ಚೂರು ನೋಡಿ ಕೊಟ್ಟಿರಿ ಎಂದು ತೋರಿಸಬೇಕು. ಪಿಯು ಅಂಕ, ಕಾಲೇಜಿನ ಹೆಸರು ಅಲ್ಲಿಯವರೆಗೂ ಲಕೋಟೆಯಲ್ಲೇ.

ಬೆಳಿಗ್ಗೆ ಹಿಂದಿನ ವರ್ಷದ ಎರಡು ಮಾದರಿಗಳಿಗೆ ಅಂಕ ಹಾಕಿ ಕೈ ಸರಿಮಾಡಿಕೊಳ್ಳುತ್ತೇವೆ. ಊಟವಾದ ಮೇಲೆ ಮತ್ತೊಮ್ಮೆ ಹಾಕಬೇಕು, ಆಗ ಒಂದೋ ಕೈ ಧಾರಾಳವಾಗಿರುತ್ತದೆ, ಇಲ್ಲ ಮನಸ್ಸು ಚಿಡಿಮಿಡಿ.