ಒಳಗೊಳಗೇ ಕಾಯುವ ಕಲ್ಲಿದ್ದಲು ರಾಶಿ ತಣ್ಣಗಾದದ್ದು ಹೀಗೆ

ಬಳ್ಳಾರಿ ಕಡೆಯ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಘಟಕದ ಯಾರ್ಡ್. ಆರು ಮೀಟರ್ ಎತ್ತರದ ಕಲ್ಲಿದ್ದಲು ರಾಶಿ, ಗಾಳಿ ಬಡಿಯುವ ಮಗ್ಗುಲಲ್ಲಿ ಸೀಮೆಎಣ್ಣೆಯಂಥ ವಾಸನೆ, ಬೆಳಗ್ಗೆ ತೆಳ್ಳನೆ ಹಬೆ. ಕಬ್ಬಿಣದ ಪೈಪ್ ಚುಚ್ಚಿ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಇಳಿಸಿದರೆ ಎರಡು ಮೀಟರ್ ಒಳಗೆ 72 ಡಿಗ್ರಿ. ಬಿಸಿಲನ್ನು ದೂರಿ ಪ್ರಯೋಜನವಿಲ್ಲ, ಗಾಳಿಯ ಆಮ್ಲಜನಕ ತಾಗಿ ಕಲ್ಲಿದ್ದಲು ತಾನೇ ಕಾಯುತ್ತದೆ.

ಟಿಪ್ಪರ್ ಸುರಿದಾಗ ದಪ್ಪ ಹೆಂಟೆಗಳು ಬುಡಕ್ಕೆ ಉರುಳುತ್ತವೆ, ಪುಡಿ ನಡುವೆ ಉಳಿಯುತ್ತದೆ. ಬುಡದ ಸಂದಿಯಿಂದ ನುಗ್ಗುವ ಗಾಳಿ ಪುಡಿಯನ್ನು ಕಾಯಿಸಲು ಸಾಕು, ಆ ಕಾವನ್ನು ಹೊರಗೆ ಒಯ್ಯಲು ಸಾಲದು.

ರಾಶಿಯ ಮೇಲೆ ಪೈಪ್ ಹಿಡಿದು ನೀರು ಹೊಡೆಯಬೇಡಿ. ನೀರು ಬಿಸಿ ಜಾಗ ಮುಟ್ಟದೆ ಗಾಳಿಗೆ ಹೊಸ ದಾರಿ ಕೊರೆಯುತ್ತದೆ. ನಿಗಿನಿಗಿ ಕೆಂಡಕ್ಕೆ ತಾಗಿದರಂತೂ ಹೊತ್ತಿಕೊಳ್ಳುವ ಹೈಡ್ರೋಜನ್, ವಿಷದ ಕಾರ್ಬನ್ ಮಾನಾಕ್ಸೈಡ್ ಏಳುತ್ತವೆ. ಬಿಸಿ ಭಾಗವನ್ನು ಲೋಡರ್‌ನಿಂದ ಬಗೆದು, ಖಾಲಿ ನೆಲದಲ್ಲಿ ಅರ್ಧ ಮೀಟರ್‌ಗಿಂತ ತೆಳುವಾಗಿ ಹರಡಿ, ಆಮೇಲೆ ನೀರು ಚಿಮುಕಿಸಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಈ ಅನಿಲ ಅಳೆಯುವ ಗ್ಯಾಸ್ ಮೀಟರ್ ಇಲ್ಲದೆ ಹತ್ತಿರ ಹೋಗಬೇಡಿ.

ಮತ್ತೆ ಒಟ್ಟುವಾಗ 30 ಸೆಂ.ಮೀ. ಪದರ, ಪ್ರತಿ ಪದರಕ್ಕೂ ಡೋಜರ್ ಓಡಿಸಿ ಅದುಮಿದ್ದು, ಎತ್ತರ ಮೂರೇ ಮೀಟರ್. ಮಗ್ಗುಲನ್ನೂ ಅದುಮಬೇಕು, ಎಲ್ಲರೂ ಬಿಡುವುದು ಅದನ್ನೇ. ಹಳೆಯ ಮಾಲು ಮೊದಲು ಖಾಲಿಯಾಗಲಿ. 50 ಡಿಗ್ರಿ ದಾಟಿದರೆ ದಿನಾ ಅಳೆಯುವುದು, 60 ದಾಟಿದರೆ ಕಾಯದೆ ಬಗೆಯುವುದು.