ಸಾರ್ವಕಾಲಿಕ ಹಾಕಿ ತಂಡ ಕಟ್ಟುವುದು ಹೇಗೆ: ಎಡ ಹಾಫ್ ಆಡಿದವನ ಲೆಕ್ಕ

ನಾವು ಗೆಳೆಯರು ಆಡುವ ಒಂದು ಆಟವಿದೆ: ಎಲ್ಲ ಕಾಲದ ಹಾಕಿ ಆಟಗಾರರಲ್ಲಿ ಸರದಿಯಂತೆ ಒಬ್ಬೊಬ್ಬರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುವುದು, ಕೊನೆಗೆ ಮತ ಹಾಕಿ ಸ್ಥಾನ ತೀರ್ಮಾನಿಸುವುದು. ಈ ಆಯ್ಕೆಗೆ ಡ್ರಾಫ್ಟ್ ಅನ್ನುತ್ತೇವೆ. ಒಬ್ಬರು ಆರಿಸಿದವರು ಇನ್ನೊಬ್ಬರಿಗೆ ಸಿಗುವುದಿಲ್ಲ. ಮೊದಲ ವರ್ಷ ಚೀಟಿ ಎತ್ತಿದಾಗ ನನಗೆ ಬಂದದ್ದು ಒಂದನೇ ನಂಬರು. ಎಂಟು ಜನ ಗೆಳೆಯರಲ್ಲಿ ಮೊದಲ ಆಯ್ಕೆ ನನ್ನದು. ಯೋಚನೆ ಮಾಡುವ ಮಾತೇ ಇರಲಿಲ್ಲ, ಧ್ಯಾನ್‌ಚಂದ್ ಅಂತ ಬರೆದೆ. ಸರದಿ ಹಾವಿನ ಹಾಗೆ ಕೊನೆಯವರೆಗೆ ಹೋಗಿ ಅಲ್ಲಿಂದ ತಿರುಗಿ ಬರುತ್ತದೆ. ಹಾಗಾಗಿ ನನಗೆ ಮತ್ತೆ ಸಿಕ್ಕಿದ್ದು 16 ಮತ್ತು 17ನೇ ಆಯ್ಕೆ. ಅಷ್ಟು ಹೊತ್ತಾದರೂ ಬಲ್ಬೀರ್ ಸಿಂಗ್ ಸೀನಿಯರ್ ಉಳಿದಿದ್ದರು. ಪಾಕಿಸ್ತಾನದ ಹಸನ್ ಸರ್ದಾರ್ ಕೂಡ ಉಳಿದಿದ್ದರು. ನನ್ನ ಅದೃಷ್ಟ ನನಗೇ ನಂಬಲಾಗಲಿಲ್ಲ. ಇಬ್ಬರನ್ನೂ ತೆಗೆದುಕೊಂಡೆ. ಮೂವರೂ ಸೆಂಟರ್ ಫಾರ್ವರ್ಡ್, ಅಂದರೆ ಮುಂದಿನ ಸಾಲಿನ ನಡುವೆ ನಿಂತು ಗೋಲು ಹೊಡೆಯುವವರು.

ನನ್ನ ಮುಂದಿನ ಸರದಿ 32ಕ್ಕೆ. ನೋಟ್‌ಬುಕ್ ತೆರೆದು ನೋಡಿದರೆ ಅಜಿತ್‌ಪಾಲ್ ಸಿಂಗ್ ಇಲ್ಲ, ಲೆಸ್ಲಿ ಕ್ಲಾಡಿಯಸ್ ಇಲ್ಲ, ಅಖ್ತರ್ ರಸೂಲ್ ಇಲ್ಲ. ಉಳಿದ ಏಳು ಜನ ಸದ್ದಿಲ್ಲದೆ ಹಾಫ್ ಲೈನ್, ಅಂದರೆ ಹಿಂದಿನಿಂದ ಮುಂದಕ್ಕೆ ಚೆಂಡು ತಂದುಕೊಡುವ ನಡುವಿನ ಸಾಲು, ಖಾಲಿ ಮಾಡಿದ್ದರು. ಎಲ್ಲ ಮುಗಿದು ಮತ ಹಾಕಿದಾಗ ನನ್ನ ತಂಡಕ್ಕೆ ಏಳನೇ ಸ್ಥಾನ. ಒಬ್ಬ ಗೆಳೆಯ ಬರೆದ ಮಾತು ಇವತ್ತಿಗೂ ನೆನಪಿದೆ: "ಆಡೋದು ಒಂದೇ ಚೆಂಡಲ್ಲಿ. ನಿನ್ನ ಮೂರು ಸೆಂಟರ್ ಫಾರ್ವರ್ಡ್‌ಗಳಿಗೆ ಅದನ್ನ ತಂದುಕೊಡೋರು ಯಾರು?"

ಆಮೇಲೆ ಪ್ರತಿವರ್ಷ ಈ ಆಟ ಆಡಿದ್ದೇವೆ. ನಾನು ಕಲಿತದ್ದನ್ನೆಲ್ಲ ಇಲ್ಲಿ ಹೇಳುತ್ತೇನೆ.

ಹೆಸರು ಕೂಗುವ ಮೊದಲು ನಿಯಮ ಬರೆದುಕೊಳ್ಳಿ. ಇದನ್ನು ಬಿಟ್ಟರೆ ಕೊನೆಗೆ ಜಗಳ ಗ್ಯಾರಂಟಿ. ಎಷ್ಟು ಜನರ ತಂಡ? ನಾವು 16 ಇಟ್ಟಿದ್ದೇವೆ, ಕಣದಲ್ಲಿ 11, ಬೆಂಚಿನಲ್ಲಿ 5. ಎಂಟು ತಂಡ ಅಂದರೆ 128 ಆಟಗಾರರು. ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ನೂರರ ಗಡಿ ದಾಟಿದ ಮೇಲೂ ಒಲಿಂಪಿಕ್ ಚಿನ್ನ ಗೆದ್ದವರು ಸಿಗುತ್ತಲೇ ಇರುತ್ತಾರೆ. ಒಂದು ಆಯ್ಕೆಗೆ 12 ಗಂಟೆ ಸಮಯ ಕೊಡಿ. ಅಷ್ಟರಲ್ಲಿ ಹೆಸರು ಕೊಡದವರನ್ನು ದಾಟಿ ಮುಂದೆ ಹೋಗಿ, ಅವರು ಬಂದಾಗ ತೆಗೆದುಕೊಳ್ಳಲಿ.

ಮುಖ್ಯವಾದ ನಿಯಮ ಮೈದಾನದ್ದು. ಪಂದ್ಯ ನಡೆಯುವುದು ಹುಲ್ಲಿನ ಮೇಲೋ ಟರ್ಫ್ (ಕೃತಕ ಹಾಸು) ಮೇಲೋ? ಒಲಿಂಪಿಕ್ಸ್‌ಗೆ ಟರ್ಫ್ ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಮೈದಾನ ಬದಲಾದರೆ ಆಟ ಅಷ್ಟು ಬದಲಾಗುತ್ತದೆ. ಆಫ್‌ಸೈಡ್ ಇದೆಯೋ ಇಲ್ಲವೋ ಅನ್ನುವುದನ್ನೂ ಮೊದಲೇ ಹೇಳಿಬಿಡಿ. 1990ರ ದಶಕದ ಕೊನೆಗೆ ಅದು ಹೋಯಿತು. ಆಫ್‌ಸೈಡ್ ಇಲ್ಲ ಅಂದರೆ ಸೆಂಟರ್ ಫಾರ್ವರ್ಡ್ ಗೋಲಿನ ಹತ್ತಿರವೇ ಕಾದು ನಿಲ್ಲಬಹುದು, ರಕ್ಷಣೆಗೆ ನಿಲ್ಲುವ ಫುಲ್‌ಬ್ಯಾಕ್‌ಗಳು ಹಿಂದೆಯೇ ಉಳಿಯಬೇಕಾಗುತ್ತದೆ.

ನಮ್ಮ ಗುಂಪಿನ ನಿಯಮ ಹೀಗಿದೆ: ಇವತ್ತಿನ ಟರ್ಫ್, ಇವತ್ತಿನ ನಿಯಮ, ಆದರೆ ಹಳೆಯ ಪ್ರತಿಯೊಬ್ಬ ಆಟಗಾರನಿಗೂ ಆರು ತಿಂಗಳು ತರಬೇತಿ ಸಿಕ್ಕಿದೆ ಅಂತ ಲೆಕ್ಕ. ಇದು ನ್ಯಾಯವಾದ ನಿಯಮ ಅಂತ ನಾನು ನಂಬಿದ್ದೇನೆ. ಬರಿಗಾಲಲ್ಲಿ ಆಡಿ ಬೆಳೆದವನನ್ನು ಸುಮ್ನೆ ನೀರು ಹಾಕಿದ ಟರ್ಫ್ ಮೇಲೆ ನಿಲ್ಲಿಸಿ "ಇವನಿಂದ ಆಗಲ್ಲ" ಅನ್ನುವುದು ಸರಿಯಲ್ಲ ಅಲ್ವಾ? ಅವನ ಕೈಚಳಕ, ಕಣ್ಣು, ಆಟದ ಬುದ್ಧಿ ಅವನ ಜೊತೆಗೇ ಬರುತ್ತವೆ.

ಈಗ ಹಳೆಯವರನ್ನು ಅಳೆಯುವ ಬಗೆ. ಒಬ್ಬ ಆಟಗಾರ ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ ಅನ್ನುವುದೊಂದೇ ನನ್ನ ಅಳತೆಗೋಲು. ಅದಕ್ಕೆ ಬರೀ ಪದಕ ಎಣಿಸಿದರೆ ಸಾಲದು, ಪದಕದ ಹಿಂದೆ ಏನಿತ್ತು ಅಂತ ನೋಡಬೇಕು. 1932ರ ಲಾಸ್ ಏಂಜಲೀಸ್‌ನಲ್ಲಿ ಭಾರತ ಅಮೆರಿಕವನ್ನು 24-1ರಿಂದ ಸೋಲಿಸಿತು. ರೂಪ್ ಸಿಂಗ್ ಒಬ್ಬರೇ 10 ಗೋಲು, ಅಣ್ಣ ಧ್ಯಾನ್‌ಚಂದ್ 8. ಆದರೆ ಆ ಸಲ ಆಡಿದ್ದು ಮೂರೇ ತಂಡ. ಹಾಗಾಗಿ ನಾನು ಅದಕ್ಕಿಂತ 1936ರ ಬರ್ಲಿನ್‌ಗೆ ಹೆಚ್ಚು ಬೆಲೆ ಕೊಡುತ್ತೇನೆ. ಅಭ್ಯಾಸ ಪಂದ್ಯದಲ್ಲಿ ಭಾರತವನ್ನು 4-1ರಿಂದ ಸೋಲಿಸಿದ್ದ ಜರ್ಮನಿಯನ್ನು ಫೈನಲ್‌ನಲ್ಲಿ ಅದರದೇ ನೆಲದಲ್ಲಿ 8-1ರಿಂದ ಸೋಲಿಸಿದ್ದು ದೊಡ್ಡ ಮಾತು.

ಇದೇ ರೀತಿ 1980ರ ಮಾಸ್ಕೋ. ಪಾಕಿಸ್ತಾನ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾ, ನೆದರ್ಲೆಂಡ್ಸ್ ಯಾವುವೂ ಅಲ್ಲಿಗೆ ಬರಲಿಲ್ಲ. ಮೊಹಮ್ಮದ್ ಶಾಹಿದ್ ಅವರನ್ನು ಆ ಚಿನ್ನ ತೋರಿಸಿ ಸಮರ್ಥಿಸಬೇಡಿ, ಅವರ ಡ್ರಿಬ್ಲಿಂಗ್ ತೋರಿಸಿ. ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್ ಅವರ ವಿಷಯ ತಿರುಗುಮುರುಗು. ಆಟಗಾರನಾಗಿ ಅವರಿಗೆ ಒಲಿಂಪಿಕ್ ಚಿನ್ನ ಸಿಗಲಿಲ್ಲ. ಹಾಗಂತ ಅವರನ್ನು ಕೆಳಗೆ ತಳ್ಳಿದರೆ ತಪ್ಪು ನಿಮ್ಮದು. 1986ರ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು. ವಿಶ್ವಕಪ್ ಶುರುವಾದದ್ದೇ 1971ರಲ್ಲಿ. ಅದಕ್ಕೂ ಮೊದಲಿನವರಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಒಲಿಂಪಿಕ್ಸ್‌ನ ಬೆರಳೆಣಿಕೆಯ ಪಂದ್ಯಗಳೇ ದೊಡ್ಡ ವೇದಿಕೆ. ಬಲ್ಬೀರ್ ಸೀನಿಯರ್ 1952ರ ಹೆಲ್ಸಿಂಕಿಯಲ್ಲಿ ಆಡಿದ್ದು ಮೂರೇ ಪಂದ್ಯ, ಆದರೆ ಭಾರತದ 13 ಗೋಲಿನಲ್ಲಿ 9 ಅವರದ್ದು. ಫೈನಲ್ ಒಂದರಲ್ಲೇ ಐದು. ಈ ಲೆಕ್ಕವನ್ನು ಇವತ್ತಿನ ನೂರಾರು ಪಂದ್ಯದವರ ಗೋಲಿನ ಪಕ್ಕ ಇಟ್ಟು ಹೋಲಿಸಲು ಹೋಗಬೇಡಿ.

ಇನ್ನೊಂದು ಎಚ್ಚರಿಕೆ: ಹೆಸರು ಪೂರ್ತಿ ಬರೆಯಿರಿ. ಭಾರತಕ್ಕೆ ಆಡಿದ ಬಲ್ಬೀರ್ ಸಿಂಗ್‌ಗಳು ಹಲವರು. 1968ರ ಮೆಕ್ಸಿಕೋ ತಂಡದಲ್ಲೇ ಮೂವರು ಬಲ್ಬೀರ್‌ಗಳಿದ್ದರು.

ಇನ್ನು ಯಾರನ್ನು ಯಾವಾಗ ತೆಗೆದುಕೊಳ್ಳಬೇಕು ಅನ್ನುವ ವಿಷಯ. ಇಲ್ಲೇ ತಂಡ ಗೆಲ್ಲುವುದು, ಇಲ್ಲೇ ಸೋಲುವುದು.

ಡ್ರಾಫ್ಟ್‌ಗೆ ಒಂದು ವಾರ ಮೊದಲು ನಾನು ನೋಟ್‌ಬುಕ್‌ನ ಒಂದೊಂದು ಪುಟಕ್ಕೆ ಒಂದೊಂದು ಜಾಗದ ಹೆಸರು ಬರೆಯುತ್ತೇನೆ. ಪ್ರತಿ ಪುಟದಲ್ಲೂ ನನಗೆ ಒಪ್ಪಿಗೆಯಾಗುವ ಆಟಗಾರರನ್ನು ಕ್ರಮವಾಗಿ ಇಳಿಸುತ್ತೇನೆ. ಎಲ್ಲಿ ಒಬ್ಬನಿಗೂ ಅವನ ಮುಂದಿನವನಿಗೂ ದೊಡ್ಡ ಅಂತರ ಕಾಣುತ್ತದೋ ಅಲ್ಲಿ ಕೆಂಪು ಗೆರೆ. ಸೆಂಟರ್ ಫಾರ್ವರ್ಡ್ ಪುಟದಲ್ಲಿ ಆ ಗೆರೆ ತುಂಬಾ ಕೆಳಗೆ ಬೀಳುತ್ತದೆ. ಧ್ಯಾನ್‌ಚಂದ್ ಹೋದರೆ ಬಲ್ಬೀರ್, ಬಲ್ಬೀರ್ ಹೋದರೆ ಹಸನ್ ಸರ್ದಾರ್, ಅವರೂ ಹೋದರೆ 1988ರ ಸಿಯೋಲ್‌ನಲ್ಲಿ ಬ್ರಿಟನ್ ಚಿನ್ನ ಗೆದ್ದಾಗಿನ ಶಾನ್ ಕೆರ್ಲಿ. ಸೆಂಟರ್ ಹಾಫ್ ಪುಟದಲ್ಲಿ ಗೆರೆ ಬಹಳ ಬೇಗ ಬಂದುಬಿಡುತ್ತದೆ. ಗೆರೆ ಬೇಗ ಬರುವ ಜಾಗವನ್ನು ಬೇಗ ತುಂಬಿಕೊಳ್ಳಿ. ಅಷ್ಟೇ ಗುಟ್ಟು. ಧ್ಯಾನ್‌ಚಂದ್ ಸಿಕ್ಕರೆ ಬಿಡಬೇಡಿ, ಆದರೆ ಅವರನ್ನು ತೆಗೆದುಕೊಂಡ ಮೇಲೆ ಆ ಪುಟ ಮುಚ್ಚಿಬಿಡಿ.

ಎಡಬದಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ನಾನು ಕಾಲೇಜು ತಂಡದಲ್ಲಿ ಎಡ ಹಾಫ್ ಆಡಿದವನು. ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಅಂತ ಇಲ್ಲ. ಎಲ್ಲರದ್ದೂ ಒಂದೇ ತರದ ಸ್ಟಿಕ್, ಚಪ್ಪಟೆ ಬದಿ ಎಡಕ್ಕೆ, ಉಬ್ಬಿದ ಬದಿ ಚೆಂಡಿಗೆ ತಗುಲಿಸುವಂತಿಲ್ಲ. ಹಾಗಾಗಿ ಪ್ರತಿ ಆಟಗಾರನಿಗೂ ಬಲಬದಿ ಗಟ್ಟಿ, ಎಡಬದಿ ಸೊರಗು. ಎದುರಾಳಿಯ ಬಲ ವಿಂಗರ್ ಗೆರೆ ಹಿಡಿದು ಓಡಿ ಬಂದರೆ ಅವನು ಎಡ ಹಾಫ್‌ನ ಎಡಗಡೆಯಿಂದಲೇ ದಾಟುತ್ತಾನೆ. ಅವನನ್ನು ತಡೆಯಲು ಸ್ಟಿಕ್ ತಿರುಗಿಸಿ, ಮೈಯೆಲ್ಲ ಬಗ್ಗಿಸಿ, ಒಂದೇ ಕೈಯಲ್ಲಿ ನೆಲಕ್ಕೆ ಚಾಚಬೇಕು. ನನ್ನ ಎಡಗೈ ಗೆಣ್ಣುಗಳ ಚರ್ಮ ಆ ಮೂರು ವರ್ಷ ಒಂದು ವಾರವೂ ಪೂರ್ತಿ ಮಾಗಿರಲಿಲ್ಲ. ಗಟ್ಟಿ ನೆಲಕ್ಕೆ ಉಜ್ಜಿ ಉಜ್ಜಿ ಅಲ್ಲಿ ಈಗಲೂ ಬಿಳಿ ಕಲೆಗಳಿವೆ. ಕೈ ಚಾಚುವುದು ಅರ್ಧ ಸೆಕೆಂಡು ತಡವಾದರೆ ವಿಂಗರ್ ಹೋಗಿಯೇಬಿಟ್ಟ.

ಎಡ ವಿಂಗರ್‌ನ ಕಷ್ಟ ಬೇರೆ. ಅವನು ಗೆರೆ ಹಿಡಿದು ಓಡಿದರೆ ಎದುರಾಳಿಯ ಗಟ್ಟಿ ಬದಿಗೇ ಹೋಗಿ ಸಿಕ್ಕಿಕೊಳ್ಳುತ್ತಾನೆ. ಹಾಗಿದ್ದೂ ಅಲ್ಲಿ ಬರೀ ವೇಗದಿಂದ ದಾಟಿಹೋದವರು ಪಾಕಿಸ್ತಾನದ ಸಮೀಉಲ್ಲಾ. ಅವರನ್ನು 'ಹಾರುವ ಕುದುರೆ' ಅಂತ ಕರೆದದ್ದು ಅದಕ್ಕೇ. ಅದೇ ದೇಶದ ಶಹಬಾಜ್ ಅಹ್ಮದ್ 1990 ಮತ್ತು 1994, ಎರಡೂ ವಿಶ್ವಕಪ್‌ಗಳಲ್ಲಿ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವರು. ಅವರನ್ನು ನಾನು ಮೊದಲ ಸುತ್ತಿನಲ್ಲೇ ತೆಗೆದುಕೊಳ್ಳಲು ತಯಾರು. ಎಡ ಹಾಫ್‌ಗೆ ಈ ಸಲ ನಾನು ಗುರುತು ಹಾಕಿಕೊಂಡಿರುವ ಹೆಸರನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮುಂದಿನ ಭಾನುವಾರ ಡ್ರಾಫ್ಟ್ ಇದೆ, ಗೆಳೆಯರೂ ಇದನ್ನು ಓದುತ್ತಾರೆ.

ಪೆನಾಲ್ಟಿ ಕಾರ್ನರ್‌ಗೆ (ಎದುರಾಳಿಯ ತಪ್ಪಿಗೆ ಅವರ ಗೋಲಿನ ಗೆರೆಯಿಂದ ಸಿಗುವ ಅವಕಾಶ) ಒಬ್ಬನನ್ನು ಹಿಡಿದರೆ ಕೆಲಸ ಮುಗಿಯಲಿಲ್ಲ. ಗೆರೆಯಿಂದ ಚೆಂಡು ತಳ್ಳುವವನು, ಡಿ (ಗೋಲಿನ ಮುಂದಿನ ಅರ್ಧವೃತ್ತ) ಹೊರಗೆ ಅದನ್ನು ನಿಲ್ಲಿಸುವವನು, ಹೊಡೆಯುವವನು, ಹೀಗೆ ಮೂವರು ಬೇಕು. ಪಾಕಿಸ್ತಾನದ ಸೋಹೈಲ್ ಅಬ್ಬಾಸ್ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 348 ಗೋಲು ಹೊಡೆದವರು. ಆದರೆ ಚೆಂಡು ಅವರ ಮುಂದೆ ಸರಿಯಾಗಿ ನಿಲ್ಲದಿದ್ದರೆ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆಯುವುದು) ಹುಟ್ಟುವುದೇ ಇಲ್ಲ. ನೆದರ್ಲೆಂಡ್ಸ್‌ನ ಪಾಲ್ ಲಿಟ್ಜೆನ್ಸ್ ಕಾಲದಲ್ಲಿ ಚೆಂಡನ್ನು ಕೈಯಿಂದ ತಡೆದು ನಿಲ್ಲಿಸಬಹುದಿತ್ತು, ಈಗ ಸ್ಟಿಕ್ಕಿನಿಂದಲೇ ಆಗಬೇಕು. ಇವತ್ತಿನ ನಿಯಮದಲ್ಲಿ ನೇರ ಹೊಡೆತದ ಮೊದಲ ಚೆಂಡು ಗೋಲಿನ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ಮೀರಬಾರದು. ಫ್ಲಿಕ್‌ಗೆ ಆ ಮಿತಿ ಇಲ್ಲ. ಹಾಗಾಗಿ ಹಳೆಯ ಹೊಡೆತಗಾರನನ್ನು ತೆಗೆದುಕೊಂಡರೆ ಅವನ ಪಕ್ಕಕ್ಕೆ ಒಬ್ಬ ಫ್ಲಿಕ್ಕರ್ ಕೂಡ ಇರಲಿ, ಗೋಲ್‌ಕೀಪರ್‌ಗೆ ಯಾವುದು ಬರುತ್ತದೆ ಅಂತ ತಿಳಿಯಬಾರದು.

ಇಲ್ಲಿ ನನಗೆ ತುಂಬಾ ಇಷ್ಟವಾದ ಆಯ್ಕೆ ಪೃಥಿಪಾಲ್ ಸಿಂಗ್. 1960ರ ದಶಕದ ಫುಲ್‌ಬ್ಯಾಕ್, ಜೊತೆಗೆ ಆ ಕಾಲದ ಪೆನಾಲ್ಟಿ ಕಾರ್ನರ್ ರಾಜ. ನೆದರ್ಲೆಂಡ್ಸ್‌ನ ಫ್ಲೋರಿಸ್ ಯಾನ್ ಬೋವೆಲಾಂಡರ್ ಕೂಡ ಅಂಥವರೇ. ಒಂದೇ ಜಾಗದಲ್ಲಿ ಎರಡು ಕೆಲಸ ಮಾಡುವವರು ಸಿಕ್ಕರೆ ನಿಮಗೆ ಇನ್ನೊಂದು ಜಾಗ ಉಳಿತಾಯ.

ಗೋಲ್‌ಕೀಪರ್‌ಗೆ ಅವಸರ ಬೇಡ. ಎಂಟು ತಂಡದಲ್ಲಿ ಕಣಕ್ಕಿಳಿಯಲು ಬೇಕಾದದ್ದು ಎಂಟೇ ಜನ. 1928ರ ಒಲಿಂಪಿಕ್ಸ್‌ನಲ್ಲಿ ಐದು ಪಂದ್ಯದಲ್ಲೂ ಒಂದೂ ಗೋಲು ಬಿಡದ ರಿಚರ್ಡ್ ಅಲೆನ್, 1964ರ ಟೋಕಿಯೋ ಫೈನಲ್‌ನಲ್ಲಿ ಪಾಕಿಸ್ತಾನವನ್ನು ತಡೆದು ನಿಂತ ಶಂಕರ್ ಲಕ್ಷ್ಮಣ್, ಬ್ರಿಟನ್‌ನ ಇಯಾನ್ ಟೇಲರ್, ಪಾಕಿಸ್ತಾನದ ಮನ್ಸೂರ್ ಅಹ್ಮದ್, ಬೆಲ್ಜಿಯಂನ ವಿನ್ಸೆಂಟ್ ವನಾಶ್, ನಮ್ಮ ಶ್ರೀಜೇಶ್. ಹತ್ತನೇ ಸುತ್ತಿನಲ್ಲೂ ಒಳ್ಳೆಯವರು ಸಿಗುತ್ತಾರೆ. ಪಂದ್ಯ ಸಮವಾದರೆ ಶೂಟೌಟ್ ಅಂತ ನಿಮ್ಮ ನಿಯಮದಲ್ಲಿದ್ದರೆ ಮಾತ್ರ ಸ್ವಲ್ಪ ಮೊದಲೇ ಕೈ ಹಾಕಿ. ಒಬ್ಬ ಆಟಗಾರ ಒಂಟಿಯಾಗಿ ಚೆಂಡು ತರುವ ಎಂಟು ಸೆಕೆಂಡಿನ ಆ ಓಟವನ್ನು ಎದುರಿಸಿ ಅಭ್ಯಾಸ ಇರುವುದು ಇತ್ತೀಚಿನವರಿಗೆ.

ಜೋಡಿಗಳನ್ನು ಹುಡುಕಿ. ಧ್ಯಾನ್‌ಚಂದ್ ನಿಮ್ಮಲ್ಲಿದ್ದರೆ ರೂಪ್ ಸಿಂಗ್‌ಗೆ ನಿಮ್ಮ ತಂಡದಲ್ಲಿ ಇರುವಷ್ಟು ಬೆಲೆ ಬೇರೆಲ್ಲೂ ಇಲ್ಲ. 1982ರ ವಿಶ್ವಕಪ್ ಗೆದ್ದ ಪಾಕಿಸ್ತಾನದ ಮುಂದಿನ ಸಾಲಿನಲ್ಲಿ ಎಡಕ್ಕೆ ಸಮೀಉಲ್ಲಾ, ನಡುವೆ ಹಸನ್ ಸರ್ದಾರ್, ಬಲಕ್ಕೆ ಕಲೀಮುಲ್ಲಾ. ಇವರಲ್ಲಿ ಇಬ್ಬರು ನಿಮ್ಮ ಹತ್ತಿರ ಬಂದರೆ ಮೂರನೆಯವರಿಗೆ ಒಂದು ಸುತ್ತು ಮೊದಲೇ ಹೋಗಿ. ಆಡಿ ಪಳಗಿದ ಸಾಲು ಅಂದರೆ ಮತ ಹಾಕುವವರು ಒಪ್ಪುತ್ತಾರೆ, ಒಪ್ಪುವುದು ನ್ಯಾಯವೂ ಹೌದು.

ಮಹಿಳೆಯರ ಡ್ರಾಫ್ಟ್ ನಾವು ಬೇರೆಯಾಗಿ ಮಾಡುತ್ತೇವೆ. ಅಲ್ಲಿ ಮೊದಲ ಆಯ್ಕೆಗೆ ಚರ್ಚೆ ಇಲ್ಲ. ಅರ್ಜೆಂಟೀನಾದ ಲೂಸಿಯಾನಾ ಐಮಾರ್ ಎಂಟು ಸಲ ವಿಶ್ವದ ವರ್ಷದ ಆಟಗಾರ್ತಿ ಆದವರು. ಎರಡನೇ ಆಯ್ಕೆಯಿಂದ ಆಟ ಶುರು.

ಎಲ್ಲ ಸುತ್ತು ಮುಗಿದ ಮೇಲೆ ತಂಡದ ಪರವಾಗಿ ಬರೆಯಬೇಕು. ಇದಕ್ಕೆ ಸೋಮಾರಿತನ ಮಾಡಬೇಡಿ. ಹೆಸರಿನ ಪಟ್ಟಿ ಕಳಿಸಿದರೆ ಯಾರೂ ಓದುವುದಿಲ್ಲ. ಚೆಂಡು ಹೇಗೆ ಸಾಗುತ್ತದೆ ಅಂತ ಬರೆಯಿರಿ: ಪೃಥಿಪಾಲ್ ಹಿಂದಿನಿಂದ ಅಜಿತ್‌ಪಾಲ್‌ಗೆ ಕೊಡುತ್ತಾರೆ, ಅಜಿತ್‌ಪಾಲ್ ತಲೆ ಎತ್ತಿ ನೋಡಿ ಎಡಕ್ಕೆ ಶಹಬಾಜ್‌ಗೆ ಬಿಡುತ್ತಾರೆ, ಶಹಬಾಜ್ ಇಬ್ಬರನ್ನು ಎಳೆದುಕೊಂಡು ಒಳಗೆ ತಿರುಗಿದಾಗ ಬಲಗಡೆ ಜಾಗ ಖಾಲಿ, ಅಲ್ಲಿ ನೆದರ್ಲೆಂಡ್ಸ್‌ನ ಟ್ಯೂನ್ ಡಿ ನೋಯರ್ ಬಂದು ನಿಂತಿರುತ್ತಾರೆ. ಹೀಗೆ ಬರೆದ ವರ್ಷ ನನಗೆ ಎರಡನೇ ಸ್ಥಾನ ಬಂತು. ಧ್ಯಾನ್‌ಚಂದ್ ನನ್ನ ತಂಡದಲ್ಲಿ ಇರಲಿಲ್ಲ.

ಬೆಂಚಿನ ಐದು ಜಾಗಕ್ಕೆ ಒಬ್ಬ ಗೋಲ್‌ಕೀಪರ್, ಒಬ್ಬ ಫ್ಲಿಕ್ಕರ್, ಎರಡೂ ಬದಿ ಆಡುವ ಒಬ್ಬ ಹಾಫ್, ಒಬ್ಬ ಫುಲ್‌ಬ್ಯಾಕ್ ಇಟ್ಟುಕೊಳ್ಳಿ. ಐದನೆಯದು ಮನಸ್ಸಿಗೆ ಬಂದವರಿಗೆ. ಕಳೆದ ಸಲ ಆ ಕೊನೆಯ ಜಾಗಕ್ಕೆ ನಾನು 1952ರ ನಾಯಕ ಕೆ.ಡಿ. ಸಿಂಗ್ ಬಾಬು ಅವರ ಹೆಸರು ಬರೆದೆ. 121ನೇ ಆಯ್ಕೆ. ಅಲ್ಲಿಯವರೆಗೆ ಅವರನ್ನು ಯಾರೂ ಕೂಗಿರಲಿಲ್ಲ.