ಪ್ಯಾನ್‌ಕೇಕ್ ಮಂಗಳವಾರ ಮತ್ತು ಕೂಗುವ ಫೋನು: ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಬ್ರಿಟನ್ನಿಗೆ ಬರುವ ಕನ್ನಡಿಗರು ವೀಸಾ, ಬಾಡಿಗೆ ಮನೆ, ಬ್ಯಾಂಕ್ ಖಾತೆಗಳ ಬಗ್ಗೆ ಊರು ಬಿಡುವ ಮೊದಲೇ ಸಾಕಷ್ಟು ವಿಚಾರಿಸಿಕೊಂಡಿರುತ್ತಾರೆ. ಚಳಿಗಾಲದ ಕೊನೆಯಲ್ಲಿ ಮಗುವಿನ ಶಾಲೆಯಿಂದ ಪ್ಯಾನ್‌ಕೇಕಿನ ಮೇಲೆ ಏನು ಹಾಕಬಹುದು, ಏನು ಹಾಕಬಾರದು ಎಂದು ಕೇಳುವ ಚೀಟಿ ಬಂದರೆ ಏನು ಬರೆಯಬೇಕು, ಸೈಲೆಂಟ್‌ನಲ್ಲಿಟ್ಟ ಫೋನು ಇದ್ದಕ್ಕಿದ್ದ ಹಾಗೆ ಸೈರನ್ನಿನಂತೆ ಕೂಗಿಕೊಂಡರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಇಲ್ಲಿ ನೆಲೆಸಿ ಬಹಳ ಕಾಲವಾದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ಮೊದಲ ವರ್ಷದಲ್ಲಿ ನಮ್ಮನ್ನು ಹೆಚ್ಚು ದಣಿಸುವುದು ಇಂತಹ ಸಣ್ಣ ಸಂಗತಿಗಳೇ, ಮತ್ತು ಆ ದಣಿವಿನಲ್ಲಿ ನಾವು ಬಾಯಿ ಮುಚ್ಚಿಸಬಾರದ ಸದ್ದುಗಳ ಬಾಯಿಯನ್ನೂ ಮುಚ್ಚಿಸಿಬಿಡುತ್ತೇವೆ. ಈ ಬರಹದ ಮುಖ್ಯ ಕಾಳಜಿ ಅದು.

ಮೊದಲು ಪ್ಯಾನ್‌ಕೇಕಿನ ವಿಷಯ. ಈಸ್ಟರ್ ಭಾನುವಾರಕ್ಕೆ 47 ದಿನ ಮೊದಲು ಬರುವ ಮಂಗಳವಾರವನ್ನು ಇಲ್ಲಿ ಪ್ಯಾನ್‌ಕೇಕ್ ಡೇ ಎಂದು ಆಚರಿಸುತ್ತಾರೆ. 2026ರಲ್ಲಿ ಅದು ಫೆಬ್ರವರಿ 17ರಂದು ಬಿತ್ತು, 2027ರಲ್ಲಿ ಫೆಬ್ರವರಿ 9ರಂದು ಬೀಳುತ್ತದೆ. ಮರುದಿನದಿಂದ ಆರಂಭವಾಗುವ ಕ್ರೈಸ್ತರ ಉಪವಾಸದ ಕಾಲಕ್ಕೆ ಮುಂಚೆ ಮನೆಯಲ್ಲಿರುವ ಮೊಟ್ಟೆ, ಹಾಲು, ಬೆಣ್ಣೆಯನ್ನು ಖಾಲಿ ಮಾಡಬೇಕೆಂಬುದು ಇದರ ಮೂಲ. ಈಗ ಉಪವಾಸ ಮಾಡುವವರು ಕಡಿಮೆ, ಪ್ಯಾನ್‌ಕೇಕ್ ಮಾಡುವವರು ಮಾತ್ರ ಎಲ್ಲ ಕಡೆಯೂ ಇದ್ದಾರೆ. ಶಾಲೆ, ಕಚೇರಿ, ವಿದ್ಯಾರ್ಥಿಗಳ ಹಾಸ್ಟೆಲು ಎಲ್ಲಿ ಹೋದರೂ ಆ ದಿನ ಯಾರಾದರೊಬ್ಬರು ತಟ್ಟೆ ಹಿಡಿದು ಕರೆಯುತ್ತಾರೆ, ಮತ್ತು ಕರೆದಾಗ ಹೋಗಬೇಕು. ನೆರೆಹೊರೆಯವರ ಪರಿಚಯಕ್ಕೆ ಇದಕ್ಕಿಂತ ಸುಲಭವಾದ ದಿನ ಇಲ್ಲಿನ ಪಂಚಾಂಗದಲ್ಲಿಲ್ಲ.

ಇಲ್ಲಿನ ಪ್ಯಾನ್‌ಕೇಕ್ ಅಮೆರಿಕದ್ದರಂತೆ ದಪ್ಪಗೆ ಉಬ್ಬಿರುವುದಿಲ್ಲ. ನೂರು ಗ್ರಾಂ ಮೈದಾ, ಎರಡು ಮೊಟ್ಟೆ, 300 ಮಿಲಿಲೀಟರ್ ಹಾಲು ಎಂಬ ಅಳತೆಯಲ್ಲಿ ತೆಳ್ಳಗೆ ಕಲಸಿ, ಬಾಣಲೆಯನ್ನು ಓರೆಯಾಗಿ ಆಡಿಸುತ್ತ ಹಿಟ್ಟನ್ನು ಹರಡುತ್ತಾರೆ. ಮೇಲೆ ಹಾಕುವ ಪದಾರ್ಥಗಳಲ್ಲಿ ಹಳೆಯದೂ, ನನ್ನ ಮಟ್ಟಿಗೆ ಅತ್ಯುತ್ತಮವಾದದ್ದೂ ನಿಂಬೆರಸ ಮತ್ತು ಸಕ್ಕರೆ. ಅದಕ್ಕೊಂದು ಕ್ರಮವಿದೆ. ಹಾಳೆ ಇನ್ನೂ ಬಿಸಿಯಾಗಿರುವಾಗಲೇ ಕ್ಯಾಸ್ಟರ್ ಶುಗರ್ ಎಂಬ ಸಣ್ಣ ಹರಳಿನ ಸಕ್ಕರೆಯನ್ನು ಅಂಚಿನವರೆಗೂ ಉದುರಿಸಿ, ಅದರ ಮೇಲೆ ನಿಂಬೆಹೋಳನ್ನು ಹಿಂಡಿ, ಕೂಡಲೇ ಸುರುಳಿ ಸುತ್ತಬೇಕು. ಆಗ ಸಕ್ಕರೆ ಅರ್ಧ ಕರಗಿ ಪಾಕವಾಗಿ, ಉಳಿದರ್ಧ ಹಲ್ಲಿಗೆ ಸಿಗುವಂತೆ ಉಳಿಯುತ್ತದೆ. ನಿಂಬೆಯನ್ನು ಮೊದಲು ಹಿಂಡಿದರೆ ಎಲ್ಲವೂ ಕರಗಿ ಹಾಳೆ ಒದ್ದೆಯಾಗುತ್ತದೆ. ಇಲ್ಲಿ ಸಿಗುವ ನಿಂಬೆ ನಮ್ಮೂರಿನ ಚಿಕ್ಕ ನಿಂಬೆಯಷ್ಟು ಹುಳಿಯಿಲ್ಲದ ದೊಡ್ಡ ಹಳದಿ ಹಣ್ಣಾದ್ದರಿಂದ ಧಾರಾಳವಾಗಿಯೇ ಹಿಂಡಬಹುದು.

ಎರಡನೆಯದು ಗೋಲ್ಡನ್ ಸಿರಪ್. ಸಕ್ಕರೆಯನ್ನು ಶುದ್ಧೀಕರಿಸುವಾಗ ದೊರೆಯುವ ಈ ಹೊಂಬಣ್ಣದ ಪಾಕವನ್ನು 1880ರ ದಶಕದಿಂದಲೂ ಲಂಡನ್ನಿನ ಪೂರ್ವ ಭಾಗದಲ್ಲಿ ತಯಾರಿಸುತ್ತಾರೆ. ಮಲೆನಾಡಿನ ಮನೆಗಳಲ್ಲಿ ದೋಸೆಗೆ ಜೋನಿಬೆಲ್ಲ ಹಾಕಿಕೊಂಡು ಬೆಳೆದವರಿಗೆ ಇದರ ಧಾರೆ ಕಂಡೊಡನೆ ಗುರುತು ಸಿಗುತ್ತದೆ, ಆದರೆ ಬೆಲ್ಲದ ಆಳವಾದ ರುಚಿ ಇದರಲ್ಲಿಲ್ಲ. ಮೇಪಲ್ ಸಿರಪ್ ಕೆನಡಾದಿಂದ ಬರುವ ದುಬಾರಿ ಪದಾರ್ಥ. ಅಗ್ಗದ ಬಾಟಲಿಗಳಲ್ಲಿ ಅನೇಕವು ಮೇಪಲ್ ವಾಸನೆ ಬೆರೆಸಿದ ಸಕ್ಕರೆ ಪಾಕವಾಗಿರುವುದರಿಂದ ಹಿಂಬದಿಯ ಪಟ್ಟಿಯನ್ನು ಓದಿ ಕೊಳ್ಳಬೇಕು. ಮಕ್ಕಳು ಕೇಳುವುದು ಹೇಜಲ್‌ನಟ್ ಸೇರಿದ ಚಾಕೊಲೇಟ್ ಲೇಪವನ್ನೇ. ಇಂಡಿಯನ್ ಅಂಗಡಿಯ ಬೆಲ್ಲಕ್ಕೆ ಫ್ರೀಜರಿನಲ್ಲಿ ಸಿಗುವ ತುರಿದ ಕಾಯಿ, ಚಿಟಿಕೆ ಏಲಕ್ಕಿ ಸೇರಿಸಿ ಕಾಯಿಬೆಲ್ಲ ಮಾಡಿಟ್ಟುಕೊಂಡು, ಮನೆಗೆ ಬಂದ ಇಂಗ್ಲಿಷ್ ಸ್ನೇಹಿತರ ಪ್ಯಾನ್‌ಕೇಕಿಗೂ ಹಚ್ಚಿಕೊಡಿ ಎಂದು ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. ನಿಂಬೆ ಸಕ್ಕರೆಯ ಪಕ್ಕದಲ್ಲಿ ಅದು ಸ್ವಲ್ಪವೂ ಸಂಕೋಚವಿಲ್ಲದೆ ನಿಲ್ಲುತ್ತದೆ.

ಸಸ್ಯಾಹಾರಿಗಳು ಮೂರು ವಿಷಯ ಗಮನಿಸಬೇಕು. ಅಂಗಡಿಯ ಸಿದ್ಧ ಪ್ಯಾನ್‌ಕೇಕುಗಳಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಮೇಲೆ ಉದುರಿಸುವ ಮಾರ್ಷ್‌ಮ್ಯಾಲೋಗಳಲ್ಲಿ ಬಹುಪಾಲು ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಪಾರ್ಮೆಸಾನ್‌ನಂತಹ ಕೆಲವು ಚೀಸ್‌ಗಳನ್ನು ಕರುವಿನ ಜಠರದ ರೆನೆಟ್‌ನಿಂದ ಮಾಡುತ್ತಾರೆ, ಆದ್ದರಿಂದ ಸಸ್ಯಾಹಾರಿಗಳಿಗೆ ಯೋಗ್ಯ ಎಂಬ ಗುರುತು ನೋಡಿ ಕೊಳ್ಳಬೇಕು. ಇಲ್ಲಿನ ಕಾನೂನಿನ ಪ್ರಕಾರ ಮೊಟ್ಟೆ, ಹಾಲು, ಎಳ್ಳು, ಕಡಲೆಕಾಯಿ ಸೇರಿದಂತೆ ಹದಿನಾಲ್ಕು ಅಲರ್ಜಿಕಾರಕ ಪದಾರ್ಥಗಳನ್ನು ಪೊಟ್ಟಣದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕಾದ್ದರಿಂದ ಮೊಟ್ಟೆಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಜೆಲಟಿನ್ ಮಾತ್ರ ಆ ಹದಿನಾಲ್ಕರಲ್ಲಿ ಸೇರಿಲ್ಲ, ಅದನ್ನು ಹುಡುಕಿಯೇ ಓದಬೇಕು. ಶಾಲೆಯ ಚೀಟಿಯಲ್ಲಿ ಸಂಕೋಚಪಡದೆ ಮೊಟ್ಟೆ ಬೇಡ, ಜೆಲಟಿನ್ ಬೇಡ ಎಂದು ಬರೆಯಿರಿ. ಕೊನೆಯ ಗಳಿಗೆಯ ಪೇಚಿಗಿಂತ ಮೊದಲೇ ತಿಳಿಸುವುದನ್ನೇ ಶಿಕ್ಷಕರು ಬಯಸುತ್ತಾರೆ. ಸ್ಟಾಫರ್ಡ್‌ಶೈರ್ ಕಡೆ ಹೋದರೆ ಅಲ್ಲಿನ ಓಟ್‌ಕೇಕನ್ನು ತಪ್ಪದೆ ತಿನ್ನಿ. ಓಟ್ಸ್ ಹಿಟ್ಟನ್ನು ಯೀಸ್ಟ್ ಹಾಕಿ ಹುಳಿಬರಿಸಿ ಹೆಂಚಿನ ಮೇಲೆ ಹುಯ್ಯುವ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುವುದಿಲ್ಲ, ಚೀಸು ಮತ್ತು ಅಣಬೆ ತುಂಬಿಕೊಡಿ ಎಂದರೆ ಕೊಡುತ್ತಾರೆ.

ಬಕಿಂಗ್‌ಹ್ಯಾಮ್‌ಶೈರ್‌ನ ಓಲ್ನಿ ಎಂಬ ಪಟ್ಟಣದಲ್ಲಿ ಇದೇ ಮಂಗಳವಾರ ಮಹಿಳೆಯರು ಏಪ್ರನ್ ಕಟ್ಟಿ, ತಲೆಗೆ ವಸ್ತ್ರ ಸುತ್ತಿ, ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಿಡಿದು ಮಾರುಕಟ್ಟೆಯಿಂದ ಚರ್ಚಿನವರೆಗೆ 415 ಗಜ ಓಡುತ್ತಾರೆ. 1445ರಲ್ಲಿ ಅಡುಗೆಮನೆಯಲ್ಲಿದ್ದ ಗೃಹಿಣಿಯೊಬ್ಬಳು ಪಾಪನಿವೇದನೆಗೆ ಕರೆಯುವ ಚರ್ಚಿನ ಗಂಟೆ ಕೇಳಿಸಿದೊಡನೆ ಬಾಣಲೆಯನ್ನೂ ಕೆಳಗಿಡದೆ ಓಡಿದಳೆಂಬುದು ಅಲ್ಲಿನ ಐತಿಹ್ಯ. ಒಲೆಯ ಮೇಲೆ ಏನಿದ್ದರೂ ಊರಿನ ಎಚ್ಚರಿಕೆಗೆ ಕಿವಿಗೊಡುವುದು ಇಲ್ಲಿಯ ಹಳೆಯ ಅಭ್ಯಾಸವೇ. ಗಂಟೆಯ ಜಾಗದಲ್ಲಿ ಈಗ ಸೂರಿನ ಅಲಾರಂ ಮತ್ತು ಜೇಬಿನ ಫೋನು ಇವೆ.

ಪ್ಯಾನ್‌ಕೇಕ್ ಇರಲಿ ದೋಸೆ ಇರಲಿ, ಕಾವಲಿ ಕಾದು ಎಣ್ಣೆ ಹೊಗೆಯಾಡಿದೊಡನೆ ಹೊಗೆ ಅಲಾರಂ ಕಿರುಚುತ್ತದೆ. ಒಗ್ಗರಣೆಯ ಮೆಣಸಿನಕಾಯಿಯ ಘಾಟಿಗಂತೂ ಕೇಳುವುದೇ ಬೇಡ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಪ್ರತಿ ಅಂತಸ್ತಿನಲ್ಲಿ ಕನಿಷ್ಠ ಒಂದು ಹೊಗೆ ಅಲಾರಂ ಇರಬೇಕು, ಮತ್ತು 2022ರ ಅಕ್ಟೋಬರ್ 1ರಿಂದ, ಗ್ಯಾಸ್ ಒಲೆಯನ್ನು ಬಿಟ್ಟು, ಬಾಯ್ಲರಿನಂತೆ ಇಂಧನ ಉರಿಸುವ ಸಾಧನ ಅಳವಡಿಸಿರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಇರಬೇಕು. ಸ್ಕಾಟ್ಲೆಂಡಿನಲ್ಲಿ ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಅಲಾರಂಗಳು ಪರಸ್ಪರ ಬೆಸೆದಿರಬೇಕೆಂಬ ನಿಯಮ 2022ರ ಫೆಬ್ರವರಿಯಿಂದಲೇ ಇದೆ. ನಮ್ಮವರ ಎಷ್ಟೋ ಮನೆಗಳಲ್ಲಿ ಸೂರಿನ ಆ ಬಿಳಿ ಬಿಲ್ಲೆಗೆ ಪ್ಲಾಸ್ಟಿಕ್ ಚೀಲವನ್ನೋ ಸ್ನಾನದ ಟೋಪಿಯನ್ನೋ ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿದಿರುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ಮಲಗಿರುವಾಗ ಹೊಗೆಯ ವಾಸನೆ ನಿಮ್ಮನ್ನು ಎಬ್ಬಿಸುತ್ತದೆಂದು ನಂಬುವ ಹಾಗಿಲ್ಲ, ಆ ಬಿಲ್ಲೆ ಎಬ್ಬಿಸುತ್ತದೆ. ಕಾವಲಿ ಇಡುವ ಮೊದಲೇ ಎಕ್ಸ್‌ಟ್ರಾಕ್ಟರ್ ಫ್ಯಾನು ಹಾಕಿ, ಕಿಟಕಿ ತೆರೆದು, ಅಡುಗೆಮನೆಯ ಬಾಗಿಲನ್ನು ಮುಚ್ಚಿಕೊಂಡರೆ ಅರ್ಧಕ್ಕರ್ಧ ಕಾಟ ತಪ್ಪುತ್ತದೆ. ಆದರೂ ಕೂಗುತ್ತಿದ್ದರೆ ಅಡುಗೆಮನೆಯಲ್ಲಿ ಹೊಗೆಗಲ್ಲದೆ ಶಾಖಕ್ಕೆ ಸ್ಪಂದಿಸುವ ಅಲಾರಂ ಹಾಕಿಕೊಡುವಂತೆ ಮಾಲೀಕರನ್ನು ಕೇಳಬಹುದು. ಸುಮಾರು ನಿಮಿಷಕ್ಕೊಮ್ಮೆ ಚಿಲಿಪಿಲಿ ಎಂದರೆ ಅದು ಬೆಂಕಿಯಲ್ಲ, ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ ಮಾತ್ರ ಲೆಕ್ಕಾಚಾರ ಬೇಡ. ಗ್ಯಾಸ್ ಆರಿಸಿ, ಕಿಟಕಿಗಳನ್ನು ತೆರೆದು ಎಲ್ಲರೂ ಹೊರಗೆ ಬಂದು ಗ್ಯಾಸ್ ತುರ್ತು ಸಂಖ್ಯೆಯಾದ 0800 111 999ಕ್ಕೆ ಕರೆ ಮಾಡಿ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನು ಫೋನು. ಸರ್ಕಾರದ ತುರ್ತು ಎಚ್ಚರಿಕೆ ವ್ಯವಸ್ಥೆಯ ಮೊದಲ ರಾಷ್ಟ್ರೀಯ ಪರೀಕ್ಷೆ 2023ರ ಏಪ್ರಿಲ್ 23ರ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಡೆಯಿತು, ಎರಡನೆಯದು 2025ರ ಸೆಪ್ಟೆಂಬರ್ 7ರ ಭಾನುವಾರ ಅದೇ ಹೊತ್ತಿಗೆ. ಅದೇ 2023ರಲ್ಲಿ ಭಾರತದ ದೂರಸಂಪರ್ಕ ಇಲಾಖೆಯೂ ಇಂತಹ ಪರೀಕ್ಷಾ ಸಂದೇಶಗಳನ್ನು ಕಳುಹಿಸಿದ್ದರಿಂದ, ಆಗ ಊರಿನಲ್ಲಿದ್ದವರಿಗೆ ಈ ಸದ್ದಿನ ಪರಿಚಯವಿರಬಹುದು. ಫೋನು ಸೈಲೆಂಟ್‌ನಲ್ಲಿದ್ದರೂ ಸುಮಾರು ಹತ್ತು ಸೆಕೆಂಡು ಸೈರನ್ ಮೊಳಗಿ, ಅಲುಗಾಡಿ, ಪರದೆಯ ಮೇಲೆ ಸಂದೇಶ ಮೂಡುತ್ತದೆ. ಇದು ಎಸ್‌ಎಂಎಸ್ ಅಲ್ಲ. ಅಪಾಯವಿರುವ ಪ್ರದೇಶದ ಮೊಬೈಲ್ ಗೋಪುರಗಳು ತಮ್ಮ ವ್ಯಾಪ್ತಿಯ ಎಲ್ಲ 4ಜಿ, 5ಜಿ ಫೋನುಗಳಿಗೆ ಒಮ್ಮೆಲೇ ಬಿತ್ತರಿಸುತ್ತವೆ. ಅದಕ್ಕೆ ನಿಮ್ಮ ನಂಬರಾಗಲಿ ನೀವಿರುವ ಜಾಗವಾಗಲಿ ಸರ್ಕಾರಕ್ಕೆ ತಿಳಿದಿರಬೇಕಾಗಿಲ್ಲ. ಸರ್ಕಾರ ನಮ್ಮ ಮೇಲೆ ಕಣ್ಣಿಟ್ಟಿದೆಯೇನೋ ಎಂದು ಹೊಸಬರು ಅಂಜುವುದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಇದು ಬರಿಯ ಪರೀಕ್ಷೆಗೆ ನಿಂತಿಲ್ಲ. 2024ರ ಫೆಬ್ರವರಿಯಲ್ಲಿ ಪ್ಲಿಮತ್ ನಗರದ ಮನೆಯೊಂದರ ಹಿತ್ತಲಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಬಾಂಬ್ ಸಿಕ್ಕಾಗ, ಅದನ್ನು ಸಾಗಿಸುವ ದಾರಿಯ ಆಸುಪಾಸಿನ ಜನರನ್ನು ತೆರವುಗೊಳಿಸಲು ಈ ಸಂದೇಶವನ್ನು ಬಳಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಡ್ಯಾರಾ ಚಂಡಮಾರುತ ಬಂದಾಗ ವೇಲ್ಸ್ ಮತ್ತು ನೈಋತ್ಯ ಇಂಗ್ಲೆಂಡಿನ ಸುಮಾರು 30 ಲಕ್ಷ ಜನರಿಗೆ, 2025ರ ಜನವರಿಯಲ್ಲಿ ಏಯೊವಿನ್ ಚಂಡಮಾರುತಕ್ಕೆ ಮುಂಚೆ ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಸುಮಾರು 45 ಲಕ್ಷ ಜನರಿಗೆ ಎಚ್ಚರಿಕೆ ಹೋಯಿತು. ನಿದ್ದೆ ಕೆಟ್ಟಿತು, ಮಗು ಬೆಚ್ಚಿಬಿತ್ತು ಎಂದು ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನು ಆಫ್ ಮಾಡುವವರಿದ್ದಾರೆ. ಆಫ್ ಮಾಡಲು ಅವಕಾಶವೂ ಇದೆ, ಆದರೆ ಅದನ್ನು ಇಟ್ಟಿರುವುದು ಮುಖ್ಯವಾಗಿ ಮನೆಯೊಳಗಿನ ಹಿಂಸೆಗೆ ಹೆದರಿ ಫೋನನ್ನು ಬಚ್ಚಿಟ್ಟುಕೊಂಡಿರುವವರನ್ನು ನೆನೆದು. ಅಂತಹ ಕಾರಣ ನಿಮಗಿಲ್ಲದಿದ್ದರೆ ಮುಟ್ಟಬೇಡಿ. ಚಂಡಮಾರುತದ ದಾರಿ, ಉಕ್ಕುವ ನದಿ, ಮುಚ್ಚಿದ ರಸ್ತೆಗಳ ಬಗ್ಗೆ ಇಲ್ಲಿ ಹುಟ್ಟಿ ಬೆಳೆದವರಿಗಿರುವ ಅಂದಾಜು ಹೊಸಬರಿಗೆ ಇರುವುದಿಲ್ಲ, ಆದ್ದರಿಂದ ಈ ಸಂದೇಶ ಅವರಿಗಿಂತ ನಮಗೇ ಹೆಚ್ಚು ಬೇಕು. ಕಾರು ಓಡಿಸುವಾಗ ಕೂಗಿದರೆ ಫೋನು ಕೈಗೆತ್ತಿಕೊಳ್ಳದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಓದಿ. ಕೈಯಲ್ಲಿ ಫೋನು ಹಿಡಿದು ಸಿಕ್ಕಿಬಿದ್ದರೆ 200 ಪೌಂಡ್ ದಂಡ ಮತ್ತು ಆರು ಪೆನಾಲ್ಟಿ ಪಾಯಿಂಟ್. ಇಲ್ಲಿ ಮೊದಲ ಲೈಸೆನ್ಸ್ ಪಡೆದು ಎರಡು ವರ್ಷ ತುಂಬದವರಿಗೆ ಆರು ಪಾಯಿಂಟ್ ಬಂದರೆ ಲೈಸೆನ್ಸೇ ಹೋಗುತ್ತದೆ.

ನಿಜವಾದ ಎಚ್ಚರಿಕೆ ಯಾವತ್ತೂ ಹಣ ಕೇಳುವುದಿಲ್ಲ, ಬ್ಯಾಂಕಿನ ವಿವರ ಕೇಳುವುದಿಲ್ಲ. ನಿಮ್ಮ ವೀಸಾದಲ್ಲಿ ತೊಂದರೆಯಿದೆ, ಈಗಲೇ ಹಣ ಕಟ್ಟದಿದ್ದರೆ ಬಂಧಿಸುತ್ತೇವೆ ಎಂಬ ಕರೆಗಳು ಹೊಸ ವಿದ್ಯಾರ್ಥಿಗಳನ್ನೇ ಹುಡುಕಿಕೊಂಡು ಬರುತ್ತವೆ. ಎಷ್ಟೇ ಗಡಸು ದನಿಯಿರಲಿ, ಕರೆಯನ್ನು ಕತ್ತರಿಸಿ. ಮೋಸದ ಸಂದೇಶಗಳನ್ನು 7726ಕ್ಕೆ ಉಚಿತವಾಗಿ ಕಳುಹಿಸಬಹುದು, ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದು ಅನುಮಾನವಾದರೆ 159 ಒತ್ತಿ ನಿಮ್ಮ ಬ್ಯಾಂಕನ್ನೇ ತಲುಪಬಹುದು.

ತುರ್ತು ಕರೆಗೆ 999. ಊರಿನಲ್ಲಿ ರೂಢಿಯಾಗಿರುವ 112 ಕೂಡ ಇಲ್ಲಿ ಅಲ್ಲಿಗೇ ಹೋಗುತ್ತದೆ. ಮಾತಾಡಲಾಗದ ಅಪಾಯದಲ್ಲಿದ್ದರೆ ಮೊಬೈಲಿನಿಂದ 999 ಒತ್ತಿ, ಕೇಳಿದಾಗ 55 ಒತ್ತಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಪಕ್ಕದ ಗುಂಡಿಯನ್ನು ಐದು ಬಾರಿ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯದಿಂದಾಗಿ ಜೇಬಿನಿಂದಲೇ ಕರೆ ಹೋಗುವುದುಂಟು. ಆಗ ಹೆದರಿ ಫೋನು ಇಡದೆ, ಆಕಸ್ಮಿಕವಾಗಿ ಒತ್ತಿತು, ಕ್ಷೇಮವಾಗಿದ್ದೇನೆ ಎಂದು ಹೇಳಿ. ಇಟ್ಟುಬಿಟ್ಟರೆ ನಿಮಗೇನಾಯಿತೋ ಎಂದು ಅವರು ತಿರುಗಿ ಕರೆಯಬೇಕಾಗುತ್ತದೆ. ತುರ್ತಲ್ಲದ ಆರೋಗ್ಯ ಸಮಸ್ಯೆಗೆ 111, ಅಲ್ಲಿ ದುಭಾಷಿಯ ನೆರವನ್ನೂ ಕೇಳಬಹುದು. ತುರ್ತಲ್ಲದ ವಿಷಯಕ್ಕೆ ಪೊಲೀಸರನ್ನು ತಲುಪಲು 101, ಕರೆಂಟು ಹೋದರೆ 105. ಮನೆಯ ಲ್ಯಾಂಡ್‌ಲೈನು ಈಗ ಇಂಟರ್ನೆಟ್ಟಿನ ಮೇಲೆ ನಡೆಯುವಂತೆ ಬದಲಾಗುತ್ತಿರುವುದರಿಂದ ಕರೆಂಟು ಹೋದೊಡನೆ ರೌಟರ್ ಜೊತೆಗೆ ಅದೂ ಸತ್ತುಹೋಗುತ್ತದೆ. ಬಿರುಗಾಳಿಯ ಮುನ್ಸೂಚನೆಯಿದ್ದ ದಿನ ಮೊಬೈಲನ್ನೂ ಒಂದು ಪವರ್ ಬ್ಯಾಂಕನ್ನೂ ತುಂಬಿಸಿಡಿ.

ಊರಿನಿಂದ ತಂದೆತಾಯಿಯರು ಬಂದಾಗ ಅವರ ಫೋನನ್ನೂ ಒಮ್ಮೆ ನೋಡಬೇಕು. ಇಲ್ಲಿನ 4ಜಿ ಅಥವಾ 5ಜಿ ಜಾಲದಲ್ಲಿದ್ದು, ಐಒಎಸ್ 14.5 ಇಲ್ಲವೇ ಆಂಡ್ರಾಯ್ಡ್ 11 ಅಥವಾ ಅವುಗಳ ನಂತರದ ತಂತ್ರಾಂಶವಿದ್ದರೆ ಅವರ ಫೋನೂ ಕೂಗಬಹುದು, ಮತ್ತು ಹಗಲಿನಲ್ಲಿ ಅವರೊಬ್ಬರೇ ಮನೆಯಲ್ಲಿರುವಾಗ ಇಂಗ್ಲಿಷಿನಲ್ಲಿ ಬರುವ ಆ ಸಂದೇಶ ಅವರನ್ನು ಗಾಬರಿಗೊಳಿಸಬಹುದು. ಹೊಗೆ ಅಲಾರಂನ ಪರೀಕ್ಷಾ ಗುಂಡಿಯನ್ನು ಒತ್ತಿ ಆ ಸದ್ದನ್ನು ಕೇಳಿಸಿ, ಫೋನಿನ ಸೈರನ್ ಹೇಗಿರುತ್ತದೆಂದು ತಿಳಿಸಿ, ಯಾವುದಕ್ಕೆ ಕಿಟಕಿ ತೆರೆದರೆ ಸಾಕು, ಯಾವುದಕ್ಕೆ ಹೊರಗೆ ಹೋಗಬೇಕು, ಯಾವುದಕ್ಕೆ ನಿಮಗೆ ಕರೆ ಮಾಡಬೇಕು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು, ಮನೆಯ ವಿಳಾಸ ಮತ್ತು ಪೋಸ್ಟ್‌ಕೋಡಿನೊಂದಿಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.